ಪಾಪನಿವೇದನೆ ಆಯಿತು, ಅಕ್ಕನಿಗೂ ಹೇಳಬೇಕಾ?

ಪ್ರಶ್ನೆ: ಫಾದರ್, ಆರು ವರ್ಷದ ಹಿಂದೆ ಅಕ್ಕನ 20 ಗ್ರಾಂ ಸರವನ್ನು ಅವಳಿಗೆ ಹೇಳದೆ ಗಿರವಿ ಇಟ್ಟೆ. ಬಿಡಿಸಿಕೊಳ್ಳಲು ಆಗಲಿಲ್ಲ, ಹರಾಜಾಯಿತು. ಮನೆಯವರೆಲ್ಲ ಕೆಲಸದ ಹೆಂಗಸಿನ ಮೇಲೆ ಅನುಮಾನಪಟ್ಟು ಅವರನ್ನು ಬಿಡಿಸಿದರು. ನಾನು ಸುಮ್ಮನಿದ್ದೆ. ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಚರ್ಚಿನ ಗುರುಗಳ ಹತ್ತಿರ ಪಾಪ ಒಪ್ಪಿಕೊಂಡು ಪಾಪನಿವೇದನೆ ಮಾಡಿದೆ. ಗುರುಗಳು ಕ್ಷಮೆ ಕೊಟ್ಟು ಐದು ಸಲ ನಮೋ ಮರಿಯ ಪ್ರಾರ್ಥನೆ ಹೇಳಲು ಹೇಳಿದರು. ದೇವರೇ ಕ್ಷಮಿಸಿದ ಮೇಲೆ ಅಕ್ಕನಿಗೆ ಹೇಳಲೇಬೇಕಾ? ಸಂಬಂಧ ಮುರಿದುಹೋಗುತ್ತದೆ ಅಂತ ಭಯ.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಅಕ್ಕನಿಗೆ ಹೇಳಬೇಕಾ ಅಂತ ಕೇಳಿದ್ದೀರಿ. ಕೆಲಸ ಹೋದವರ ಬಗ್ಗೆ ಏನೂ ಕೇಳಿಲ್ಲ. ನನಗೆ ಮೊದಲು ಕಂಡದ್ದು ಅದೇ.

ಪಾಪನಿವೇದನೆಯಲ್ಲಿ ಅವರ ವಿಷಯ ಹೇಳಿದ್ದಿರಾ, ಇಲ್ಲ ಸರದ್ದು ಮಾತ್ರವಾ? ಮರೆತಿದ್ದರೆ ಮುಂದಿನ ಸಲ ಹೇಳಿ. ಬೇಕೆಂದೇ ಬಿಟ್ಟಿದ್ದರೆ ಮತ್ತೆ ಮೊದಲಿಂದ ಪಾಪನಿವೇದನೆ ಮಾಡಬೇಕು.

ದೇವರ ಕ್ಷಮೆ ನಿಜವಾದದ್ದು, ಅದರಲ್ಲಿ ಅನುಮಾನ ಬೇಡ. ಆದರೆ ನಮ್ಮ ಧರ್ಮಸಭೆಯ ಬೋಧನೆಯ ಪುಸ್ತಕವಾದ 1992ರ ಕಥೋಲಿಕ ಧರ್ಮೋಪದೇಶದ 1459ನೇ ಸಂಖ್ಯೆ ನೋಡಿ. ಕ್ಷಮೆಯಿಂದ ಪಾಪ ಹೋಗುತ್ತದೆ, ಪಾಪದಿಂದ ಆದ ಹಾನಿಯೆಲ್ಲ ಸರಿಹೋಗುವುದಿಲ್ಲ ಅನ್ನುತ್ತದೆ. ಕದ್ದದ್ದನ್ನು ವಾಪಸ್ ಕೊಡಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು. ಎರಡೂ ನಿಮ್ಮ ಪತ್ರದಲ್ಲೇ ಇವೆ.

ಬೈಬಲಿನಲ್ಲಿ ಬರುವ ಸುಂಕದವನು ಜಕ್ಕಾಯನ ಕಥೆ ಗೊತ್ತಲ್ವಾ? ಯೇಸು ಮನೆಗೆ ಬಂದ ಮೇಲೇ ಅವನು ಎದ್ದು ನಿಂತು, ಮೋಸ ಮಾಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದದ್ದು.

ನಾನು ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳುವ ಹಾಗಿಲ್ಲ. ಹಾಗಾಗಿ ನನ್ನದೇ ಕಥೆ. ಐದನೇ ಕ್ಲಾಸಿನಲ್ಲಿ ಪಕ್ಕದ ಮನೆಯ ಕೋಳಿಗೂಡಿನಿಂದ ನಾಲ್ಕು ಮೊಟ್ಟೆ ಕದ್ದು ಅಂಗಡಿಗೆ ಮಾರಿದೆ. ಏಟು ತಿಂದದ್ದು ಅವರ ದನ ಕಾಯುವ ಹುಡುಗ. ಅಮ್ಮನಿಗೆ ಗೊತ್ತಾಯಿತು. ಬೈಯಲಿಲ್ಲ. ನಾಲ್ಕು ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ನನ್ನನ್ನು ಎಳೆದುಕೊಂಡು ಹೊರಟರು. ಮೊಟ್ಟೆ ಕೊಟ್ಟದ್ದು ಒಂದು ನಿಮಿಷದ ಕೆಲಸ. ಆ ಹುಡುಗನನ್ನು ಕರೆಸಿ, ಎಲ್ಲರ ಎದುರು "ಕದ್ದದ್ದು ಇವನಲ್ಲ, ನಾನು" ಅನ್ನುವಷ್ಟರಲ್ಲಿ ನನ್ನ ಚಡ್ಡಿ ಒದ್ದೆಯಾಗಿತ್ತು. ಅವನು ನಗಲಿಲ್ಲ. ದನ ಬಿಚ್ಚಿಕೊಂಡು ಹೋದ.

ಸರದ ದುಡ್ಡನ್ನು ಹೆಸರು ಹೇಳದೆಯೂ ಮುಟ್ಟಿಸಬಹುದು, ಗುರುಗಳ ಕೈಯಲ್ಲೇ ಕೊಟ್ಟು ಕಳಿಸಬಹುದು. ಸರದ ವಿಷಯ ಅಷ್ಟೇ ಆಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಆ ಹೆಂಗಸಿನ ಹೆಸರನ್ನು ಗುಟ್ಟಾಗಿ ವಾಪಸ್ ಕೊಡಲು ಆಗಲ್ಲ. ಅನುಮಾನಪಟ್ಟವರಿಗೆಲ್ಲ ಗೊತ್ತಾಗಬೇಕು. ಅಂದ ಮೇಲೆ ಅಕ್ಕನಿಗೆ ಹೇಳಲೇಬೇಕು. ಅವಳು ಕೂಡಲೇ ಕ್ಷಮಿಸದಿದ್ದರೆ ಒತ್ತಾಯ ಮಾಡಬೇಡಿ. ದುಡ್ಡು ಒಟ್ಟಿಗೆ ಇಲ್ಲವಾ? ತಿಂಗಳಿಗಿಷ್ಟು ಅಂತ ಕೊಡಿ.

ಕೆಲಸ ಹೋದ ಆ ಹೆಂಗಸು ಈಗ ಎಲ್ಲಿದ್ದಾರೆ, ಬೇರೆ ಮನೆಯವರು ಕೆಲಸ ಕೊಟ್ಟರಾ, ಇವತ್ತೇ ವಿಚಾರಿಸಿ. ಅವರಿಗೂ ದುಡ್ಡಿನ ಬಾಕಿ ಇರಬಹುದು. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಗುರುಗಳನ್ನು ಜೊತೆಗೆ ಕರೆಯಿರಿ. ಪಾಪನಿವೇದನೆಯಲ್ಲಿ ಕೇಳಿದ ವಿಷಯವನ್ನು ಅವರಾಗಿ ಎತ್ತುವ ಹಾಗಿಲ್ಲ, ನೀವೇ ಬಾಯಿ ಬಿಡಬೇಕು.