ಟೆಕ್ಸಾಸ್‌ನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಕ್ಲಾಸು ಶುರುವಾಗುವ ಮುಂಚೆ ಏನು ಮಾಡಿಕೊಳ್ಳಲಿ?

ಗ್ರೀನ್ ಕಾರ್ಡಿನಲ್ಲಿ ಬಂದು ಎರಡು ವರ್ಷ, ಡಲ್ಲಾಸ್ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಕೋರ್ಸಿಗೆ ಸೀಟು ಸಿಕ್ಕಿದೆ, ಆಗಸ್ಟ್ ಕೊನೆಗೆ ಕ್ಲಾಸು. ಅಷ್ಟರೊಳಗೆ ಯಾವ ಪುಸ್ತಕ ಓದಿಕೊಳ್ಳಲಿ ಅಂತ ಕೇಳಿದ್ದೀರಿ. ಪುಸ್ತಕ ಸದ್ಯಕ್ಕೆ ಪಕ್ಕಕ್ಕಿಡಿ. ಅನಾಟಮಿ, ಮೈಕ್ರೋಬಯಾಲಜಿ ಇಲ್ಲೇ ಪಾಸು ಮಾಡಿ ಸೀಟು ತಗೊಂಡಿದ್ದೀರಿ, ಓದಿನ ಚಿಂತೆ ಆಮೇಲೆ. ನಮ್ಮ ಕಡೆಯಿಂದ ಬಂದವರು ಈ ಹಂತದಲ್ಲಿ ಎಡವುವುದು ಲಸಿಕೆಯ ಕಾಗದಗಳಲ್ಲಿ.

ಮೊದಲು ಹೆಪಟೈಟಿಸ್ ಬಿ. ರೋಗಿಗಳ ಹತ್ತಿರ ಹೋಗುವ ವಿದ್ಯಾರ್ಥಿಗಳಿಗೆ ಇದರ ಎಲ್ಲಾ ಡೋಸೂ ಮುಗಿದಿರಬೇಕು ಅನ್ನುವುದು ಟೆಕ್ಸಾಸ್ ರಾಜ್ಯದ ನಿಯಮ. ಮಾಮೂಲಿ ಲಸಿಕೆ ಮೂರು ಡೋಸು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಈಗ ಮೇ ತಿಂಗಳು, ಇವತ್ತೇ ಶುರು ಮಾಡಿದರೂ ನವೆಂಬರ್ ಆಗುತ್ತದೆ. ಹೆಪ್ಲಿಸಾವ್-ಬಿ ಅಂತ ಇನ್ನೊಂದಿದೆ, 18 ದಾಟಿದವರಿಗೆ ನಾಲ್ಕು ವಾರದ ಅಂತರದಲ್ಲಿ ಎರಡೇ ಡೋಸು. ಅದನ್ನೇ ಹೆಸರು ಹೇಳಿ ಕೇಳಿ. ಊರಲ್ಲಿ ಹಿಂದೆ ಹಾಕಿಸಿಕೊಂಡಿದ್ದ ನೆನಪಿದ್ದರೆ ಮೊದಲು ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ, 10 mIU/mL ಅಥವಾ ಹೆಚ್ಚು ಬಂದರೆ ಸಾಮಾನ್ಯವಾಗಿ ಅಷ್ಟೇ ಸಾಕು.

ಆಮೇಲೆ ಟಿಬಿ. ನಿಮ್ಮ ಎಡತೋಳಿನ ಮೇಲೆ ಬಿಸಿಜಿ ಎಂಬ ಟಿಬಿ ಲಸಿಕೆಯ ಗುರುತು ಸಾಮಾನ್ಯವಾಗಿ ಇರುತ್ತದೆ. ಇಲ್ಲಿ ಚರ್ಮದಡಿ ಚುಚ್ಚಿ ಎರಡು ಮೂರು ದಿನಕ್ಕೆ ಊತ ಅಳೆಯುವ ಪರೀಕ್ಷೆ ಮಾಡುತ್ತಾರೆ. ಬಿಸಿಜಿ ಹಾಕಿಸಿಕೊಂಡವರಿಗೆ ಅದು ಟಿಬಿ ಇಲ್ಲದೆಯೂ ಪಾಸಿಟಿವ್ ಬರಬಹುದು. ಬಂತೋ, ಎಕ್ಸ್‌ರೇ, ಡಾಕ್ಟರ ಪತ್ರ ಅಂತ ವಾರಗಟ್ಟಲೆ ಓಡಾಟ. ಅದರ ಬದಲು ಕ್ವಾಂಟಿಫೆರಾನ್ ಅನ್ನುವ ರಕ್ತಪರೀಕ್ಷೆ ಕೇಳಿ, ಬಿಸಿಜಿಯಿಂದ ಅದಕ್ಕೆ ಬಾಧೆಯಿಲ್ಲ. ಆದರೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಅಥವಾ ಚಿಕನ್‌ಪಾಕ್ಸ್ ಲಸಿಕೆಯ ಜೊತೆ ಇದರ ಸಮಯ ನೋಡಿಕೊಳ್ಳಬೇಕು. ಲಸಿಕೆಗೆ ಮುಂಚೆ ಅಥವಾ ಅದೇ ದಿನ ರಕ್ತ ಕೊಡಿ. ಲಸಿಕೆ ಮೊದಲಾಗಿಬಿಟ್ಟರೆ ನಾಲ್ಕು ವಾರ ಕಾಯಬೇಕು.

ಎಂಎಂಆರ್ ಎರಡು ಡೋಸು, ನಡುವೆ ಕನಿಷ್ಠ 28 ದಿನ, ಚಿಕನ್‌ಪಾಕ್ಸ್‌ದೂ ಎರಡು. ನಿಮ್ಮ ವಯಸ್ಸಿನವರಿಗೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿದ್ದು ಹೆಚ್ಚಾಗಿ ಬರೀ ದಡಾರದ ಲಸಿಕೆ, ಅದನ್ನು ಎಂಎಂಆರ್ ಅಂತ ಒಪ್ಪುವುದಿಲ್ಲ. ವೀಸಾ ಮೆಡಿಕಲ್‌ನಲ್ಲಿ ಕೊಟ್ಟ ಡೋಸುಗಳು ಡಿಎಸ್-3025 ಎಂಬ ಫಾರಂನಲ್ಲಿ ದಾಖಲಾಗಿರುತ್ತವೆ. ಅದರ ಪ್ರತಿ ಮನೆಯಲ್ಲಿದೆಯಾ ಹುಡುಕಿ, ಸಿಕ್ಕರೆ ಒಂದೆರಡು ಚುಚ್ಚುಮದ್ದು ತಪ್ಪುತ್ತದೆ. ಊರಿನ ಸರ್ಟಿಫಿಕೇಟಿನಲ್ಲಿ 5/8 ಅಂತಿದ್ದರೆ ನಮಗೆ ಆಗಸ್ಟ್ 5, ಇವರಿಗೆ ಮೇ 8. ಹಾಗೆ ಓದಿ ಅಂತರ ಸಾಲದು ಅಂತ ತಿರಸ್ಕರಿಸುವುದುಂಟು. ಇಲ್ಲಿನ ಕ್ಲಿನಿಕ್ಕಿನಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಬರೆಸಿಕೊಂಡು ಸಹಿ ಹಾಕಿಸಿ. ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ) ಒಂದು, ಶರತ್ಕಾಲದಲ್ಲಿ ಫ್ಲೂ ಒಂದು, ಅವು ಯಾವ ಫಾರ್ಮಸಿಯಲ್ಲಾದರೂ ಆಗುತ್ತವೆ.

ಕಾಲೇಜು ಕೇಳುವ ಡ್ರಗ್ ಟೆಸ್ಟ್ ಅಂದರೆ ನಗಬೇಡಿ. ಗಸಗಸೆ ಪಾಯಸ ತಿಂದ ಮರುದಿನ ಮೂತ್ರದಲ್ಲಿ ಮಾರ್ಫಿನ್ ಕಾಣಿಸಬಹುದು, ಇದು ಉತ್ಪ್ರೇಕ್ಷೆಯಲ್ಲ. ಪರೀಕ್ಷೆಗೆ ಮುಂಚಿನ ವಾರ ಗಸಗಸೆ ಹಾಕಿದ ಸಾಗು, ಪಾಯಸ ಯಾವುದೂ ಬೇಡ. ಊರಿಂದ ತಂದ ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇದೆಯಾ ನೋಡಿ. ಭಯಕ್ಕೆ ಎರಡು ಲೀಟರ್ ನೀರು ಕುಡಿದುಕೊಂಡು ಹೋಗಬೇಡಿ. ಮೂತ್ರ ತೀರಾ ತಿಳಿಯಾದರೆ ಮತ್ತೆ ಬನ್ನಿ ಅಂತಾರೆ.

ಅಪರಾಧ ಹಿನ್ನೆಲೆ ಪರಿಶೀಲನೆಗೆ ಕೊಡುವ ಬೆರಳಚ್ಚಿನದು ಬೇರೆ ದಾರಿ. ಕಾಲೇಜು ನಿಮ್ಮ ಹೆಸರನ್ನು ಟೆಕ್ಸಾಸ್ ಬೋರ್ಡ್ ಆಫ್ ನರ್ಸಿಂಗ್‌ಗೆ ಕಳಿಸುತ್ತದೆ, ನೀವು ಐಡೆಂಟೋಗೋ ಕೇಂದ್ರದಲ್ಲಿ ಬೆರಳಚ್ಚು ಕೊಡುತ್ತೀರಿ, ದೋಷವೇನೂ ಇಲ್ಲದಿದ್ದರೆ ಬೋರ್ಡು ನೀಲಿ ಕಾರ್ಡು ಅಂಚೆಯಲ್ಲಿ ಕಳಿಸುತ್ತದೆ. ಮನೆ ಬದಲಾಯಿಸುವುದಿದ್ದರೆ ವಿಳಾಸ ಮೊದಲೇ ಸರಿಪಡಿಸಿ. ಇಲ್ಲೇ ಹೆಸರಿನ ತಕರಾರೂ ಶುರುವಾಗುವುದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಡ್ರೈವಿಂಗ್ ಲೈಸೆನ್ಸಿನಲ್ಲಿ ಯಜಮಾನರ ಹೆಸರು, ಕಾಲೇಜಿನಲ್ಲಿ ಬರೀ ಇನಿಷಿಯಲ್ ಅಂತ ಇದ್ದರೆ ಈಗಲೇ ಒಂದಕ್ಕೆ ತನ್ನಿ. ಕೋರ್ಸು ಮುಗಿದ ಮೇಲೆ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆಯ ಬಾಗಿಲಲ್ಲಿ ಐಡಿ ಹೆಸರೂ ನೋಂದಣಿ ಹೆಸರೂ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ.

ಸಿಪಿಆರ್‌ಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್) ಕೋರ್ಸು ಮಾಡಿ. ಪೂರ್ತಿ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕೊಡುವ ಸರ್ಟಿಫಿಕೇಟಿಗೆ ದುಡ್ಡು ಹಾಕಬೇಡಿ, ಬೊಂಬೆಯ ಎದೆ ಒತ್ತಿ ತೋರಿಸಿದ್ದು ಬೇಕು. ಅವಧಿ ಎರಡು ವರ್ಷ.

ಇಷ್ಟು ದಾರಿಗೆ ಬಿದ್ದ ಮೇಲೆ ದಿನಕ್ಕೆ ಅರ್ಧ ಗಂಟೆ ಕೂತು ಮಾಡಬೇಕಾದದ್ದು ಔಷಧಿಯ ಲೆಕ್ಕ. ಬಹಳ ಕಾಲೇಜುಗಳಲ್ಲಿ ಇದರದ್ದೇ ಪ್ರತ್ಯೇಕ ಪರೀಕ್ಷೆ, ಪಾಸಾಗಲು ಶೇಕಡಾ 90 ಅಥವಾ ಅದಕ್ಕೂ ಮೇಲೆ ಬೇಕು. ಗಣಿತ ಏಳನೇ ಕ್ಲಾಸಿನದೇ, ಕೆಡುವುದು ಅಳತೆಗಳಲ್ಲಿ. ರೋಗಿಯ ತೂಕ 176 ಪೌಂಡ್, 2.2ರಿಂದ ಭಾಗಿಸಿದರೆ 80 ಕೆಜಿ. ಕೆಜಿಗೆ 5 ಮಿಲಿಗ್ರಾಂ ಅಂದರೆ 400. ಶೀಶೆಯಲ್ಲಿ 5 ಎಂಎಲ್‌ಗೆ 200 ಇದ್ದರೆ ಕೊಡುವುದು 10 ಎಂಎಲ್. ಡ್ರಿಪ್ಪಿನದು: 1000 ಎಂಎಲ್ 8 ಗಂಟೆಯಲ್ಲಿ ಅಂದರೆ ಗಂಟೆಗೆ 125, ಒಂದು ಎಂಎಲ್‌ಗೆ 15 ಹನಿ ಬೀಳುವ ನಳಿಕೆಯಾದರೆ 125ನ್ನು 15ರಿಂದ ಗುಣಿಸಿ 60ರಿಂದ ಭಾಗಿಸಿ, ನಿಮಿಷಕ್ಕೆ 31.25 ಹನಿ ಬರುತ್ತದೆ, ಬರೆಯುವುದು 31. ಕಾಲು ಹನಿ ಅಂತ ಇಲ್ಲವಲ್ಲ. ನಡುವಿನ ಹಂತದಲ್ಲಿ ದುಂಡಗೆ ಮಾಡಬೇಡಿ, ಕೊನೆಯಲ್ಲಿ ಮಾತ್ರ. 5.0 ಅಂತ ಬರೆದರೆ ಚುಕ್ಕಿ ಕಾಣದೆ 50 ಆಗಿಬಿಡುತ್ತದೆ, ಹಾಗಾಗಿ ಬರೀ 5, ಆದರೆ .5 ಅಲ್ಲ, 0.5. ಇಂಥ ಬರವಣಿಗೆಗೂ ಅಂಕ ಕಳೆಯುವವರಿದ್ದಾರೆ. ಟೀ ಚಮಚ 5 ಎಂಎಲ್, ಔನ್ಸ್ 30, ಜ್ವರ 100.4 ಅಂದರೆ 38 ಡಿಗ್ರಿ. ಇವು ನಿದ್ದೆಯಲ್ಲಿ ಕೇಳಿದರೂ ಬರಬೇಕು.

ಇಲ್ಲಿನ ಪ್ರಶ್ನೆಪತ್ರಿಕೆಗೆ ಬಾಯಿಪಾಠ ಕೆಲಸ ಮಾಡುವುದಿಲ್ಲ. ನಾಲ್ಕು ಉತ್ತರವೂ ಸರಿಯೇ ಇರುತ್ತವೆ, ಮೊದಲು ಯಾವುದು ಮಾಡುತ್ತೀರಿ ಅನ್ನುವುದೇ ಪ್ರಶ್ನೆ. ಉಸಿರಾಟದ ತೊಂದರೆ ಇರುವ ರೋಗಿ ನೋವಿರುವವನಿಗಿಂತ ಮುಂಚೆ, ಏನಾದರೂ ಮಾಡುವ ಮುಂಚೆ ರೋಗಿಯನ್ನು ಪರೀಕ್ಷಿಸು, ಈ ರೀತಿಯ ಯೋಚನೆ. ಎನ್‌ಕ್ಲೆಕ್ಸ್ ಮಾದರಿಯ ಹತ್ತು ಪ್ರಶ್ನೆ ದಿನಾ ಮಾಡಿ. ತಪ್ಪಾದವುಗಳ ವಿವರಣೆ ಓದುವುದರಲ್ಲೇ ಲಾಭ.

ಸಾಮಾನಿಗೆ ಹೆಚ್ಚು ಸುರಿಯಬೇಡಿ. ಲಿಟ್‌ಮನ್ ಕ್ಲಾಸಿಕ್ ಸ್ಟೆತಸ್ಕೋಪ್, ಸೆಕೆಂಡಿನ ಮುಳ್ಳಿರುವ ಗಡಿಯಾರ, ಒರೆಸಿದರೆ ಶುಚಿಯಾಗುವ ಮುಚ್ಚಿದ ಶೂ ಸಾಕು. ಜಾಲರಿ ಬಟ್ಟೆಯ ಶೂ ಬೇಡ. ಯೂನಿಫಾರಂ, ಪುಸ್ತಕ ಎರಡೂ ಓರಿಯಂಟೇಷನ್‌ನಲ್ಲಿ ಬಣ್ಣ ಮತ್ತು ಆವೃತ್ತಿ ಹೇಳಿದ ಮೇಲೆ. ಬಳೆ, ನೇಲ್ ಪಾಲಿಶ್, ಕಲ್ಲಿನ ಉಂಗುರ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಕರಿಮಣಿ ಸರ ಒಳಗೆ ಸೇರಿಸಿಕೊಳ್ಳಬಹುದೇ ಅಂತ ಬೋಧಕರನ್ನು ಮೊದಲೇ ಕೇಳಿ, ಕೆಲವರು ಒಪ್ಪುತ್ತಾರೆ. ಗೌರಿ ಹಬ್ಬ ಸೆಮಿಸ್ಟರಿನ ಶುರುವಿಗೇ ಬರುತ್ತದೆ. ಕ್ಲಿನಿಕಲ್ (ಆಸ್ಪತ್ರೆಯ ತರಬೇತಿ) ದಿನ ತಪ್ಪಿಸಿದರೆ ಮತ್ತೆ ಸಿಗುವುದು ಕಷ್ಟ, ಪೂಜೆಯನ್ನು ಸಂಜೆಗಿಟ್ಟುಕೊಳ್ಳಿ. ಕ್ಲಿನಿಕಲ್ ಬೆಳಿಗ್ಗೆ ಏಳಕ್ಕೆ ಮುಂಚೆ ಶುರು, ಒಂದೊಂದು ಸೆಮಿಸ್ಟರಿಗೆ ಒಂದೊಂದು ಆಸ್ಪತ್ರೆ. ಆ ಹೊತ್ತಿಗೆ ಬಸ್ಸು ರೈಲು ನಂಬಿಕೊಂಡರೆ ಆಗದು. ಡ್ರೈವಿಂಗ್ ಇನ್ನೂ ಕಲಿತಿಲ್ಲದಿದ್ದರೆ ಹೆಪಟೈಟಿಸ್ ಡೋಸಿನ ಜೊತೆಗೇ ಅದನ್ನೂ ಈ ವಾರ ಹಚ್ಚಿಕೊಳ್ಳಿ.