ಸೀನ್ ಪೇಪರ್‌ನಲ್ಲಿ ಇಲ್ಲದ ಏಟು

(ನಾನು ಆಪ್ತ ಸಮಾಲೋಚಕಿ. ನನ್ನ ಬಳಿ ಬಂದ ನಟಿಯೊಬ್ಬರ ಕಥೆ ಇದು; ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನೀರಿನ ಲೋಟ ಕೊಡಲು ಕೈ ಚಾಚಿದೆ. ಆಕೆ ತಟ್ಟನೆ ಮುಖ ಹಿಂದಕ್ಕೆಳೆದುಕೊಂಡರು. "ಸಾರಿ ಮೇಡಂ, ಈಚೆಗೆ ಹೀಗೇ ಆಗ್ತಿದೆ."

ವಯಸ್ಸು 26. ಬೆಂಗಳೂರಿನಲ್ಲಿ ಧಾರಾವಾಹಿಯೊಂದರಲ್ಲಿ ಸೊಸೆಯ ಪಾತ್ರ. ಗಂಡ ಜಡೆ ಹಿಡಿದು ಎಳೆದಾಡುವ ದೃಶ್ಯ. ಸೀನ್ ಪೇಪರ್, ಅಂದರೆ ದೃಶ್ಯದ ವಿವರ ಬರೆದ ಹಾಳೆ, ಕೈಗೆ ಸಿಕ್ಕಿದ್ದೇ ಮೇಕಪ್‌ಗೆ ಕೂತಾಗ. ಅದರಲ್ಲಿ ಎಳೆದಾಟ ಇತ್ತು, ಕೆನ್ನೆಗೆ ಏಟು ಇರಲಿಲ್ಲ. ರಿಯಾಕ್ಷನ್ ನ್ಯಾಚುರಲ್ ಆಗಿ ಬರಲಿ ಅಂತ ನಿರ್ದೇಶಕರು ಏಟಿನ ವಿಷಯ ನಟನಿಗೆ ಮಾತ್ರ ಹೇಳಿದ್ದರಂತೆ. ಏಟು ಬಿತ್ತು. ಸೆಟ್ಟಿನಲ್ಲಿ ಚಪ್ಪಾಳೆ. ಕ್ಲೋಸಪ್‌ಗೆ ಇನ್ನೂ ಮೂರು ಟೇಕ್.

"ರಾತ್ರಿಯೆಲ್ಲ ಅಪ್ಪ ಅಮ್ಮನಿಗೆ ಹೊಡೀತಿದ್ದ ಶಬ್ದವೇ ಕೇಳಿಸ್ತು. ಅಗ್ರಿಮೆಂಟಿಗೆ ಸೈನ್ ಹಾಕಿದ್ದೀನಲ್ಲ, ಕೇಳೋ ಹಕ್ಕು ನನಗಿದೆಯಾ?"

ಇದೆ. ಮೊದಲು ಹೇಳಿದ್ದೇ ಇದನ್ನು. ಗೊತ್ತೇ ಇಲ್ಲದ ಏಟಿಗೆ ಯಾರಾದರೂ ಒಪ್ಪೋದು ಹೇಗೆ, ಅಲ್ವಾ? ಅಳುವುದನ್ನು ನಟಿಸಬಲ್ಲ ಕಲಾವಿದೆಯನ್ನು ನಿಜವಾಗಿ ಅಳಿಸಿದರು. ಅದಕ್ಕೆ ಚಪ್ಪಾಳೆ ಹೊಡೆದದ್ದು ನನಗೆ ಇನ್ನೂ ನೋವು ಕೊಡುತ್ತದೆ.

ಕೆಲಸ ಬಿಡಿ ಎನ್ನಲಿಲ್ಲ. ಮನೆ ಬಾಡಿಗೆ, ತಮ್ಮನ ಫೀಸು ಆಕೆಯ ಮೇಲೇ ಇದೆ. ಇಬ್ಬರೂ ಕೂತು ನಿರ್ದೇಶಕರಿಗೆ ವಾಟ್ಸಾಪ್ ಮೆಸೇಜ್ ಬರೆದೆವು: "ಸರ್, ಹೊಡೆತದ ಸೀನ್ ಇದ್ರೆ ಹಿಂದಿನ ದಿನವೇ ಪೇಪರ್ ಕಳಿಸಿ. ಒಂದು ಸಲ ನಿಧಾನವಾಗಿ ರಿಹರ್ಸಲ್ ಮಾಡೋಣ. ನಾನು 'ಸಾಕು' ಅಂದ್ರೆ ನಿಲ್ಲಿಸಬೇಕು." ಬಾಯಿಮಾತು ಸೆಟ್ಟಿನ ಗಡಿಬಿಡಿಯಲ್ಲಿ ಕಳೆದುಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ಜಡೆ ಎಳೆಯುವುದಕ್ಕೆ ರಂಗಭೂಮಿಯವರ ಒಂದು ಉಪಾಯವಿದೆ. ನಟನ ಕೈ ನಟಿಯ ತಲೆಯ ಮೇಲೆ ಸುಮ್ನೆ ಇರುತ್ತದೆ. ನಟಿ ಎರಡೂ ಕೈಯಿಂದ ಅವನ ಮಣಿಕಟ್ಟನ್ನು ತಲೆಗೆ ಒತ್ತಿ ಹಿಡಿದು ತಾನೇ ವಾಲಾಡುತ್ತಾಳೆ. ನೋಡುವವರಿಗೆ ಎಳೆದ ಹಾಗೇ ಕಾಣುತ್ತದೆ. ಲಗಾಮು ಮಾತ್ರ ನಟಿಯ ಕೈಯಲ್ಲಿ.

ದೃಶ್ಯ ಮುಗಿದ ಮೇಲೆ ಮುಖ ತೊಳೆದು, ಸೀರೆ ಬದಲಿಸಿ, ತನ್ನ ಹೆಸರನ್ನು ಜೋರಾಗಿ ಹೇಳಿಕೊಳ್ಳಬೇಕು. ಅಕ್ಕನಿಗೆ ಫೋನ್ ಮಾಡಿ ಮನೆಯ ಮಾತು ಆಡಬೇಕು. ತಡರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಆಕೆಗಾದದ್ದು ಇದಲ್ಲ, ಆದರೂ ಹೇಳಿದೆ: ದೃಶ್ಯದ ನೆಪದಲ್ಲಿ ಯಾರಾದರೂ ಲೈಂಗಿಕವಾಗಿ ಮುಟ್ಟಿದರೆ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಾಂಟ್ರ್ಯಾಕ್ಟ್, ದಿನಗೂಲಿಯವರಿಗೂ ಇದೆ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ದೂರು ಮೂರು ತಿಂಗಳೊಳಗೆ ಕೊಡಬೇಕು.

ಮೂರನೇ ಭೇಟಿಯಲ್ಲಿ ನನ್ನ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡು ಆ ಉಪಾಯ ಮಾಡಿ ತೋರಿಸಿದರು. ನಟ ಬಂದು ಕ್ಷಮೆ ಕೇಳಿದ್ದಾರೆ. ನಿರ್ದೇಶಕರು ಉತ್ತರಿಸಿಲ್ಲ, ಆದರೆ ಪೇಪರ್ ಈಗ ಹಿಂದಿನ ರಾತ್ರಿಯೇ ಬರುತ್ತಿದೆ. ವಾರಕ್ಕೆರಡು ಸಲ ಈಗಲೂ ನಡುರಾತ್ರಿ ಎಚ್ಚರವಾಗುತ್ತದಂತೆ. ಅಪ್ಪನ ವಿಷಯ ಇನ್ನು ಶುರುಮಾಡಬೇಕು.