ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನದಲ್ಲಿ ರೇಡಿಯೋ ಆಪರೇಟರ್ ಮಾಡುತ್ತಿದ್ದ ಕೆಲಸವೇನು?

ಬ್ರಿಟನ್ನಿನ ವಾಯುಪಡೆಯ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿದ್ದ 7 ಮಂದಿಯ ಪೈಕಿ ರೇಡಿಯೋ ಆಪರೇಟರನಿಗೆ ಸಂದೇಶ ಕಳುಹಿಸುವುದಕ್ಕಿಂತ ಆಲಿಸುವ ಕೆಲಸವೇ ಹೆಚ್ಚಾಗಿತ್ತು. ಏಕೆಂದರೆ ಪ್ರಸಾರ ಮಾಡಿದರೆ ವಿಮಾನ ಇರುವ ಜಾಗ ಶತ್ರುವಿಗೆ ತಿಳಿಯುವ ಅಪಾಯವಿತ್ತು. ಗಾಳಿಯ ವೇಗ, ಮರಳಿ ಬರುವ ಆದೇಶ ಮುಂತಾದ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ ಲಿಪಿ) ಸಂದೇಶಗಳನ್ನು ಆತ ನಿಗದಿತ ಸಮಯಗಳಲ್ಲಿ ಬರೆದುಕೊಳ್ಳುತ್ತಿದ್ದ.

ನನ್ನ ದೃಷ್ಟಿಯಲ್ಲಿ ಅತ್ಯಂತ ಗಮನಾರ್ಹವಾದುದು 1942ರ ಕೊನೆಯಲ್ಲಿ ಬಳಕೆಗೆ ಬಂದ ‘ಟಿನ್ಸೆಲ್’ ಎಂಬ ಉಪಾಯ: ಜರ್ಮನ್ ಮಾತು ಕೇಳಿಬಂದ ತರಂಗಾಂತರವನ್ನು ಹುಡುಕಿ, ಎಂಜಿನ್ನಿನ ಬಳಿ ಅಳವಡಿಸಿದ್ದ ಮೈಕಿನ ಮೂಲಕ ಅದರ ಅಬ್ಬರವನ್ನು ಅದೇ ತರಂಗಾಂತರದಲ್ಲಿ ಬಿತ್ತರಿಸಿ, ಶತ್ರುವಿನ ರಾತ್ರಿ ಯುದ್ಧವಿಮಾನಗಳಿಗೆ ನೆಲದಿಂದ ಬರುತ್ತಿದ್ದ ಸೂಚನೆಗಳು ಸ್ಪಷ್ಟವಾಗಿ ಕೇಳಿಸದಂತೆ ಆತ ಮಾಡುತ್ತಿದ್ದ. ವಿಮಾನವನ್ನು ಸಮುದ್ರದಲ್ಲಿ ಇಳಿಸಲೇಬೇಕಾದಾಗ ತುರ್ತು ಸಂದೇಶ ಕಳುಹಿಸಿ, ಎಡೆಬಿಡದೆ ಹೊರಡುವ ಸಂಕೇತದಿಂದ ರಕ್ಷಕರು ದಿಕ್ಕನ್ನು ಗುರುತಿಸಲೆಂದು, ಮೋರ್ಸ್ ಸಂಕೇತ ಕಳುಹಿಸುವ ಕೀಲಿಯನ್ನು ಒತ್ತಿದ ಸ್ಥಿತಿಯಲ್ಲೇ ಬಿಗಿದುಬಿಡುತ್ತಿದ್ದ.